ಅಮೆರಿಕದಲ್ಲಿ ಹುಟ್ಟಿದ ಮಾಕಳಿಯ ಅತ್ತೆ

ಕಾಡುಗೋಡಿ

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿನ ಆಕಾಶ ಮುಟ್ಟುವ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ನಾನು ಒಂಬತ್ತು ತಿಂಗಳು ಇದ್ದ ಊರಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿದ್ದದ್ದು ಮೆಕ್ಕೆಜೋಳ ತುಂಬುವ ಕಣಜ. ಅದರ ನಂತರದ ಎತ್ತರ ವಿಶ್ವವಿದ್ಯಾಲಯದ ಗ್ರಂಥಾಲಯದ್ದು. ನ್ಯೂಯಾರ್ಕಿನ ಸುದ್ದಿ ಬೇಕಾದವರು ಇಲ್ಲಿಗೇ ಪುಟ ತಿರುವಿದರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಬಂಗಾರಪೇಟೆ ಕಡೆಯಿಂದ ಬರುವ ರೈಲು ಹತ್ತುವುದು, ಸಂಜೆ ರೈಲಿನಲ್ಲೇ ಕಾಡುಗೋಡಿಗೆ ಮರಳುವುದು. ಒಂದು ದಿನ ಪ್ರಿನ್ಸಿಪಾಲರು ಕರೆದು ಒಂದು ಕಾಗದ ಕೊಟ್ಟರು. ಅಮೆರಿಕದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗಕ್ಕೆ ಕನ್ನಡ ಮನೆಮಾತಿನವರೊಬ್ಬರು ಬೇಕಾಗಿದ್ದರು. ವಾರಕ್ಕೆ ಮೂರು ದಿನ ತರಗತಿಯಲ್ಲಿ ಕುಳಿತು, ವಿದ್ಯಾರ್ಥಿಗಳು ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಏನನ್ನುತ್ತಾರೆಂದು ಹೇಳಬೇಕು. ಉಳಿದ ಹೊತ್ತಿನಲ್ಲಿ ಬೇಕಾದ ಭಾಷಾವಿಜ್ಞಾನ, ಸಾಹಿತ್ಯ ಓದಿಕೊಳ್ಳಬಹುದು. ಪ್ರಿನ್ಸಿಪಾಲರು ಮೊದಲು ಮೂವರು ಗಂಡಸರನ್ನು ಕೇಳಿದ್ದರು. ಮೂವರೂ ಚಳಿಗೆ ಹೆದರಿದ ಮೇಲೆ ಅದು ನನ್ನ ಮೇಜಿಗೆ ಬಂದಿತ್ತು.

ಮನೆಯಲ್ಲಿ ನಾನು, ಅಜ್ಜಿ, ಮಾವ. ಇಲ್ಲಿ ಒಂದು ಮಾತು ಬಿಡಿಸಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮಾವ ಎಂದರೆ ನನ್ನ ತಾಯಿಯ ತಮ್ಮ, ನನ್ನ ಗಂಡ. ಅಜ್ಜಿ ಎಂದರೆ ನನ್ನ ತಾಯಿಯ ತಾಯಿ, ನನ್ನ ಅತ್ತೆ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ನಮ್ಮ ಕಡೆ ಬೇಸಾಯಗಾರರ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಯಾಕೆ ತಂದುಕೊಂಡಿರಿ ಎಂದು ಯಾರೂ ಕೇಳುವುದಿಲ್ಲ, ಯಾಕೆ ತಂದುಕೊಳ್ಳಲಿಲ್ಲ ಎಂದು ಕೇಳುತ್ತಾರೆ. ಮದುವೆಯಾದಾಗ ನನಗೆ ಹತ್ತೊಂಬತ್ತು. ಮಾವ ವೈಟ್‌ಫೀಲ್ಡ್ ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದರು. ತಾವು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವರು ನನ್ನನ್ನು ಬಿ.ಎ.ಗೆ ಕಳಿಸಿದರು, ಎಂ.ಎ.ಗೂ ಕಳಿಸಿದರು. ಏಳು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹಾಗಾಗಿ ನಿನಗೆ ಹೊರಡುವುದು ಸುಲಭ ಎಂದ ನೆಂಟರೂ ಇದ್ದರು. ಅದು ಎಷ್ಟು ಸುಲಭವೆಂದು ಅವರಿಗೇ ಗೊತ್ತಿರಬೇಕು.

ಕಾಗದದ ವಿಷಯ ತಿಳಿದಾಗ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಲ್ಲಿ ರಾಗಿ ಸಿಕ್ತದಾ?"

"ಸಿಕ್ಕಲ್ಲ ಕಣವ್ವ," ಎಂದರು ಮಾವ.

"ಅಂಗಾರೆ ಆ ಜನ ಏನು ತಿಂದ್ಕಂಡು ಬದುಕವ್ರೆ?"

"ಅದನ್ನೂ ನೋಡ್ಕಂಡು ಬರ್ತಾಳೆ ಬಿಡು. ಓದಾಕೆ ತಾನೆ ಓಗ್ತಿರೋದು, ಬಾವಿಗೆ ಬೀಳಾಕಲ್ಲ."

ಅಷ್ಟೇ ಚರ್ಚೆ. ಪಾಸ್‌ಪೋರ್ಟಿಗೆ ಮಾವ ಎರಡು ದಿನ ರಜೆ ಹಾಕಿ ಸಾಲಿನಲ್ಲಿ ನಿಂತರು.

ಗೇಟಿಲ್ಲದ ವಿಶ್ವವಿದ್ಯಾಲಯ

ವಿಶ್ವವಿದ್ಯಾಲಯವೆಂದರೆ ನನ್ನ ಲೆಕ್ಕದಲ್ಲಿ ಒಂದು ಗೇಟು, ಗೇಟಿಗೊಬ್ಬ ವಾಚ್‌ಮನ್, ಒಳಗೆ ಕಟ್ಟಡಗಳು. ಇಲ್ಲಿ ಗೇಟೇ ಇರಲಿಲ್ಲ. ಮೊದಲ ದಿನ ದಾರಿಯಲ್ಲಿ ಒಬ್ಬ ಮುದುಕರನ್ನು ನಿಲ್ಲಿಸಿ ವಿಶ್ವವಿದ್ಯಾಲಯ ಎಲ್ಲಿದೆ ಎಂದು ಕೇಳಿದೆ. ಅವರು ನಾನು ಬಂದ ದಾರಿಯನ್ನೊಮ್ಮೆ ನೋಡಿ, "ನೀವು ಅರ್ಧ ಗಂಟೆಯಿಂದ ಅದರೊಳಗೇ ನಡೀತಿದ್ದೀರಿ ಅನ್ಸುತ್ತೆ," ಎಂದರು. ಕಾಡುಗೋಡಿಯಿಂದ ಹೂಡಿಯವರೆಗೂ ಬರೀ ಕಾಲೇಜೇ ಇದ್ದರೆ ಹೇಗಿರುತ್ತದೋ ಅಷ್ಟು ಉದ್ದ. ಮರುವಾರ ಅದೇ ಮುದುಕರು ನನ್ನ ಸಾಹಿತ್ಯದ ತರಗತಿಯಲ್ಲಿ ಹೊಸ ನೋಟ್ ಪುಸ್ತಕ ತೆರೆದು, ಮಕ್ಕಳ ನಡುವೆ ಕುಳಿತಿದ್ದರು. ಅಂಚೆ ಇಲಾಖೆಯಿಂದ ನಿವೃತ್ತರಾದವರು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಕಾವ್ಯ ಓದಬೇಕೆನ್ನಿಸಿತಂತೆ, ಬಂದರಂತೆ. ನಮ್ಮಲ್ಲಿ ಆ ವಯಸ್ಸಿನವರಿಗೆ ಏನಾದರೂ ಅನ್ನಿಸಿದರೆ ಕಾಶಿಗೆ ಕಳಿಸುತ್ತೇವೆ.

ಅಲ್ಲಿಯವರಿಗೊಂದು ಅಭ್ಯಾಸ. ಬಾಗಿಲು ತೆರೆದವರು ಹಿಂದೆ ಬರುವವರಿಗಾಗಿ ಅದನ್ನು ಹಿಡಿದುಕೊಂಡು ನಿಲ್ಲುತ್ತಾರೆ. ನನಗೂ ಯಾರೋ ಹಿಡಿದರು, ಬಹಳ ಹಿಡಿಸಿತು. ಮಾರನೆಯ ದಿನ ನಾನೂ ಒಂದು ಬಾಗಿಲು ಹಿಡಿದೆ. ಗ್ರಹಚಾರ, ಅದೇ ಹೊತ್ತಿಗೆ ಪಿರಿಯಡ್ ಬಿಟ್ಟಿತು. ಒಳಗಿನಿಂದ ನೂರಾರು ಹುಡುಗರು ಬಂದರು, ಹೊರಗಿನಿಂದ ಇನ್ನೂ ನೂರಾರು ನುಗ್ಗಿದರು. ಎಲ್ಲರೂ "ಥ್ಯಾಂಕ್ಯೂ" ಎನ್ನುತ್ತ ಹೋದರೇ ಹೊರತು ಬಾಗಿಲನ್ನು ಯಾರೂ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಬಿಟ್ಟರೆ ಯಾರ ಮುಖಕ್ಕೆ ಬಡಿಯುತ್ತದೋ ಎಂಬ ಭಯಕ್ಕೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೇ ಇದ್ದೆ. ನನ್ನ ಮೊದಲ ಭಾಷಾವಿಜ್ಞಾನದ ಪಾಠ ಹಾಗೆ ತಪ್ಪಿತು.

ಗ್ರಂಥಾಲಯದ ಬಗ್ಗೆ ಹೇಳಲು ನನಗೆ ಈಗಲೂ ಮಾತು ಸಾಲದು. ನಾನು ಓದಿದ ಕಾಲೇಜಿನಲ್ಲಿ ಪುಸ್ತಕಗಳು ಗಾಜಿನ ಬೀರುವಿನೊಳಗೆ ಇರುತ್ತಿದ್ದವು, ಬೀಗದ ಕೈ ಗುಮಾಸ್ತರ ಜೇಬಿನಲ್ಲಿ, ಗುಮಾಸ್ತರು ಕಾಫಿಗೆ. ಇಲ್ಲಿ ಬೀಗವೇ ಇಲ್ಲ. ಯಾರು ಬೇಕಾದರೂ ಹತ್ತು ಅಂತಸ್ತು ಹತ್ತಿ, ಯಾವ ಕಪಾಟಿನ ಮುಂದೆ ಬೇಕಾದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದು. ಏಳನೆಯ ಅಂತಸ್ತಿನಲ್ಲಿ ಎರಡು ಕಪಾಟು ಕನ್ನಡವಿತ್ತು. ಜೋಳದ ಹೊಲಗಳ ನಡುವೆ, ಕನ್ನಡ ಬಲ್ಲವರು ನಾನೂ ಸೇರಿ ಮೂರೋ ನಾಲ್ಕೋ ಜನರಿದ್ದ ಊರಿನಲ್ಲಿ, ಎರಡು ಕಪಾಟು! ಒಂದು ಪುಸ್ತಕದ ಕೂಡಿಕೊಂಡಿದ್ದ ಹಾಳೆಗಳ ಅಂಚನ್ನು ಇನ್ನೂ ಯಾರೂ ಕತ್ತರಿಸಿರಲಿಲ್ಲ, ಎಂದರೆ ಅದನ್ನು ಯಾರೂ ಓದೇ ಇರಲಿಲ್ಲ. ಯಾವತ್ತೋ ಒಬ್ಬರು ಬಂದಾರು ಎಂದು ಅದನ್ನು ಅಲ್ಲಿ ತಂದಿಟ್ಟು ಕಾದಿದ್ದಾರೆ, ಆ ಒಬ್ಬರು ನಾನು. ಕಣ್ಣಲ್ಲಿ ನೀರು ಬಂತು. ಪಕ್ಕದ ಸೋಫಾದಲ್ಲಿ ಬೂಟು ಹಾಕಿಕೊಂಡೇ ಮಲಗಿದ್ದ ಹುಡುಗನೊಬ್ಬ ಎದ್ದು, ಏನಾದರೂ ಕಳೆದುಕೊಂಡಿರಾ ಎಂದು ಕೇಳಿದ.

ಮುನ್ನೂರ ಹನ್ನೆರಡನೆಯ ಕೋಣೆ

ನನ್ನ ಕೆಲಸದ ಕೋಣೆ ಅದು. ಒಂದು ಉದ್ದ ಮೇಜು, ಸುತ್ತ ಎಂಟು ವಿದ್ಯಾರ್ಥಿಗಳು, ಒಂದು ತುದಿಗೆ ನಾನು, ಪಕ್ಕದಲ್ಲಿ ರೊಟ್ಟಿಯ ಹೆಂಚಿನಷ್ಟು ಅಗಲದ ಚಕ್ರಗಳಿದ್ದ ಟೇಪ್ ರೆಕಾರ್ಡರು. ಮೂಲೆಯಲ್ಲಿ ಪ್ರೊಫೆಸರು. ಅವರಿಗೊಂದು ಉದ್ದ ಹೆಸರಿತ್ತು. ನಾನು ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಆ ಎಂಟು ಜನಕ್ಕೂ ಕನ್ನಡದ ಒಂದು ಅಕ್ಷರ ಗೊತ್ತಿರಲಿಲ್ಲ. ಅದೇ ಬೇಕಾಗಿತ್ತಂತೆ. ಗೊತ್ತಿಲ್ಲದ ಒಂದು ಭಾಷೆಯನ್ನು ಅದನ್ನಾಡುವವರ ಬಾಯಿಂದಲೇ ಕೇಳಿ ಕೇಳಿ ಕಂಡುಹಿಡಿಯುವುದೇ ಅವರ ಪಾಠ. ಮೊದಲ ದಿನ ಮೇಷ್ಟ್ರು ಒಂದೇ ಕಟ್ಟಳೆ ಹೇಳಿದರು:

"ಕನ್ನಡದ ಬಗ್ಗೆ, ಕನ್ನಡದ ಜನರ ಬಗ್ಗೆ ಯಾವ ಪುಸ್ತಕವನ್ನೂ ಮುಟ್ಟಬಾರದು. ಇವರು ಹೇಳಿದ್ದೇ ಪ್ರಮಾಣ. ಇವರನ್ನು ನಾನೂ ತಿದ್ದುವ ಹಾಗಿಲ್ಲ."

ನನಗೆ ರೋಮಾಂಚನವಾಯಿತು. ಇಪ್ಪತ್ತಾರು ವರ್ಷ ಯಾರು ಯಾರೋ ತಿದ್ದಿದ ಹೆಂಗಸು ನಾನು. ಇಲ್ಲಿ ಬಿಳಿ ಕೂದಲಿನ ಪ್ರೊಫೆಸರೊಬ್ಬರು, ಇವರು ಹೇಳಿದ್ದೇ ಪ್ರಮಾಣ ಎನ್ನುತ್ತಿದ್ದಾರೆ.

ಒಂದು ದಿನ "ವಾಶ್" ಎನ್ನುವುದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರು. ಏನನ್ನು ಎಂದೆ. ಆ ಹೊತ್ತು ಪೂರ್ತಿ ನಾನು ಕೈ ತೊಳೆದೆ, ಪಾತ್ರೆ ಬೆಳಗಿದೆ, ಬಟ್ಟೆ ಒಗೆದೆ, ನೆಲ ಸಾರಿಸಿದೆ, ತಲೆಗೆ ಎರೆದುಕೊಂಡೆ. ಎಂಟು ಪೆನ್ಸಿಲುಗಳು ಗರಗರ ಓಡಿದವು. ಕೋಣೆಯಿಂದ ಹೊರಬರುವಾಗ ಮನೆಗೆಲಸ ಮುಗಿಸಿದಷ್ಟೇ ಸುಸ್ತು, ಆದರೆ ನಮ್ಮ ಅಡುಗೆಮನೆಯ ಹಿತ್ತಿಲಲ್ಲಿ ಇಷ್ಟು ಐಶ್ವರ್ಯವಿದೆಯೆಂದು ಎಂ.ಎ. ಮಾಡಿದರೂ ನನಗೆ ಗೊತ್ತಿರಲಿಲ್ಲ. ಸಾಹಿತ್ಯದ ತರಗತಿಯಲ್ಲೂ ಹಾಗೇ. ಪಾಠ ಹೇಳುವ ಅಮ್ಮ ನಾಲ್ಕು ಸಾಲಿನ ಒಂದು ಪದ್ಯ ಹಲಗೆಯ ಮೇಲೆ ಬರೆದು ಎರಡು ಗಂಟೆ ಅದರೊಳಗೇ ಓಡಾಡಿಸಿದರು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ.

ಎಂಟು ಜನರಲ್ಲಿ ನನಗೆ ಹತ್ತಿರವಾದವಳು ಜೂಡಿ. ಅದೇ ಸೀಮೆಯ ರೈತರ ಮಗಳು, ಅವರ ಮನೆಯಲ್ಲಿ ಕಾಲೇಜಿಗೆ ಬಂದ ಮೊದಲನೆಯವಳು. ಬೆಳಗಿನ ಹೊತ್ತು ಹಾಸ್ಟೆಲಿನ ಅಡುಗೆಮನೆಯಲ್ಲಿ ತಟ್ಟೆ ತೊಳೆದು ಆಮೇಲೆ ಪಾಠಕ್ಕೆ ಬರುತ್ತಿದ್ದಳು. ಕನ್ನಡದಲ್ಲಿ ನೆಂಟರನ್ನು ಕರೆಯುವ ಹೆಸರುಗಳ ಬಗ್ಗೆ ಅವಳು ಪ್ರಬಂಧ ಬರೆಯಬೇಕೆಂದು ನಿಶ್ಚಯವಾಯಿತು. ಅದನ್ನು ಏಪ್ರಿಲಿನಲ್ಲಿ ಇಡೀ ವಿಭಾಗದ ಮುಂದೆ ಓದಬೇಕು. ಅವರಿಗೆ ಒಪ್ಪಿಗೆಯಾದರೆ ಡಾಕ್ಟರೇಟ್ ಓದಲು ವಿಭಾಗವೇ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಜೂಡಿ ಹಳ್ಳಿಗೆ ವಾಪಸ್. ಅವಳ ಇಡೀ ಪ್ರಬಂಧಕ್ಕೆ ಆಧಾರ ನಾನೊಬ್ಬಳೇ.

ಅವಳು ಪ್ರಶ್ನೆ ಕೇಳಲು ಕುಳಿತ ದಿನವೇ ಎಡವಟ್ಟಾಯಿತು. ತರಗತಿ ಶುರುವಾಗುವ ಮೊದಲು ಕಾಫಿ ಕುಡಿಯುತ್ತ ಹುಡುಗನೊಬ್ಬ ತಮಾಷೆ ಹೇಳಿದ. ಯಾವುದೋ ಗುಡ್ಡಗಾಡಿನ ಜನ ಒಳಗೊಳಗೇ ಮದುವೆಯಾಗುತ್ತಾರಂತೆ, ಅಲ್ಲೊಬ್ಬಳು ತನ್ನ ತಾಯಿಯ ತಮ್ಮನನ್ನೇ ಮದುವೆಯಾದಳಂತೆ. ಮುಂದಿನದು ನನಗೆ ನೆನಪಿಲ್ಲ. ಎಲ್ಲರೂ ನಕ್ಕರು, ಒಬ್ಬಳು "ಇಶ್ಶೀ" ಎಂದಳು. ಜೂಡಿಯೂ ನಕ್ಕಳು. ಎರಡು ನಿಮಿಷದ ನಂತರ ಅವಳೇ ಪೆನ್ಸಿಲ್ ಚೂಪು ಮಾಡಿಕೊಂಡು ಕೇಳಿದಳು:

"ನಿಮ್ಮಲ್ಲಿ ಮೊದಲೇ ನೆಂಟರಾದವರನ್ನು ಮದುವೆಯಾಗೋದು ಇದೆಯಾ?"

"ಛೆ ಛೆ, ಇಲ್ಲಪ್ಪ," ಎಂದೆ.

"ನಿಮ್ಮ ಗಂಡನ ಮನೆಯವರು ಹಾಗಾದರೆ ಎಲ್ಲಿಯವರು?"

ಬೆಂಗಳೂರಿನ ಆಚೆ ದಿಕ್ಕಿನ ಊರೊಂದು ಬಾಯಿಗೆ ಬಂತು. "ಮಾಕಳಿ," ಎಂದೆ. ತುಮಕೂರಿಗೆ ಹೋಗುವಾಗ ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದ ಊರು. ಕಾರ್ಖಾನೆಯ ಒಂದು ಗೋಡೆ, ಒಂದು ಹುಣಸೇಮರ, ಅಷ್ಟೇ ನನಗೆ ಗೊತ್ತು. ಆ ಮರದ ಕೆಳಗೆ ಒಂದು ಮನೆ ಕಟ್ಟಿದೆ. ಮನೆಯಲ್ಲಿ ಒಬ್ಬ ಅತ್ತೆಯನ್ನು ಕೂರಿಸಿದೆ, ನಂಜಮ್ಮ ಎಂದು ಹೆಸರಿಟ್ಟೆ. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ. ನನಗೆ ಆ ಹೊತ್ತಿಗೆ ಒಂಬತ್ತು ಜನ ನೆಂಟರು ಸಾಕಾದರು.

ಜೂಡಿಯ ಹೊಲ

ನವೆಂಬರಿನಲ್ಲಿ ಅವರ ಸುಗ್ಗಿಯ ಹಬ್ಬಕ್ಕೆ ಜೂಡಿ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಕಾಡುಗೋಡಿಯ ಎಲ್ಲರ ಹೊಲ ಸೇರಿಸಿದರೂ ಅವರ ಮನೆಯ ಹೊಲಕ್ಕೆ ಸಾಲದು. ಇಷ್ಟು ನೆಲವನ್ನು ಅವಳ ತಂದೆ, ಅಣ್ಣ, ಎರಡು ಯಂತ್ರ ಸೇರಿ ಉತ್ತು ಬಿತ್ತಿ ಕೊಯ್ಯುತ್ತಾರೆ. ಹೊಲದ ಅಂಚಿನಲ್ಲಿ ನಿಂತರೆ ಒಂದು ದನಿಯೂ ಕೇಳುವುದಿಲ್ಲ. ಕಳೆ ಕೀಳುವಾಗ ಒಬ್ಬರ ಮೇಲೊಬ್ಬರು ಚಾಡಿ ಹೇಳುವವರಿಲ್ಲದೆ ಇವರು ಬೇಸಾಯ ಹೇಗೆ ಮಾಡುತ್ತಾರೋ ಎಂದು ಆಶ್ಚರ್ಯವಾಯಿತು.

ಊಟವಾದ ಮೇಲೆ ಜೂಡಿಯ ತಾಯಿ ಡೊರೊತಿ ಮನೆತನದ ಫೋಟೋ ಆಲ್ಬಮ್ ತಂದು ನನ್ನ ತೊಡೆಯ ಮೇಲೆ ಇಟ್ಟರು.

"ಇವನು ನನ್ನ ಅಣ್ಣ. ಕುಡಿದು ಹೊಲ ಕಳಕೊಂಡ. ಇವಳು ಚಿಕ್ಕಮ್ಮ. ಮದುವೆಗೆ ಮುಂಚೆ ಮಗು ಆಯ್ತು, ಅದೇ ಈ ಹುಡುಗ, ಬಂಗಾರದಂಥವನು. ಇದು ನಾನೇ, ಮೊದಲನೇ ಗಂಡನ ಜೊತೆ."

ಬಾಯಿ ತೆರೆದು ಕುಳಿತೆ. ನಮ್ಮಲ್ಲಿ ಇಂಥವನ್ನು ಮುಚ್ಚಿಡಲು ಮೂರು ತಲೆಮಾರು ದುಡಿಯುತ್ತವೆ. ಇವರು ಹಬ್ಬದ ದಿನ, ನಿನ್ನೆ ಬಂದ ಅಪರಿಚಿತಳ ಮುಂದೆ, ಕುಂಬಳಕಾಯಿಯ ಸಿಹಿ ಬಡಿಸುತ್ತ ಹೇಳುತ್ತಿದ್ದಾರೆ. ಧೈರ್ಯವೋ, ನಾಚಿಕೆಯಿಲ್ಲವೋ ತಿಳಿಯಲಿಲ್ಲ. ಧೈರ್ಯವೇ ಎಂದು ಆಮೇಲೆ ಗೊತ್ತಾಯಿತು.

"ನಿಮ್ಮ ಅತ್ತೆ ಹೇಗೆ? ಕಾಟ ಕೊಡ್ತಾರಾ?" ಎಂದು ಕೇಳಿದರು ಡೊರೊತಿ.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನೋ, ನಂಜಮ್ಮನ ಹುರುಳಿ ಸಾರಿನ ಬಗ್ಗೆ, ಚಳಿಗಾಲದಲ್ಲಿ ಅವರಿಗೆ ಬರುವ ಕೀಲುನೋವಿನ ಬಗ್ಗೆ ಅರ್ಧ ಗಂಟೆ ಹೇಳಿದೆ. ಜೂಡಿ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಚೀಟಿಗಳ ಮೇಲೆ ಬರೆದುಕೊಂಡಳು.

ಕರಿಹಲಗೆ

ಹಿಮ ಬಿತ್ತು. ಸೀರೆಯ ಮೇಲೆ ಯಾರದೋ ಗಂಡಸಿನ ಓವರ್‌ಕೋಟು ಹಾಕಿಕೊಂಡು ನಡೆಯುತ್ತಿದ್ದೆ. ಕೆಸರು ಹಿಮದಲ್ಲಿ ನೆನೆದ ಸೀರೆಯ ಅಂಚು ಗಾಳಿಗೆ ಹೆಪ್ಪುಗಟ್ಟಿ ತಗಡಿನಂತೆ ಗಟ್ಟಿಯಾಗಿ, ಹೆಜ್ಜೆ ಹೆಜ್ಜೆಗೂ ಕಾಲಿಗೆ ಟಕಟಕ ಬಡಿಯುತ್ತಿತ್ತು. ತರಗತಿಯ ಬಿಸಿಗೆ ಅದು ಕರಗಿ ಕುರ್ಚಿಯ ಕೆಳಗೆ ನೀರು ನಿಲ್ಲುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಒಬ್ಬ ಹುಡುಗ ಮಾತ್ರ ದಿನಾ ನನ್ನ ಕುರ್ಚಿಯ ಕೆಳಗೆ ಹಳೆಯ ಪತ್ರಿಕೆ ಹಾಸತೊಡಗಿದ.

ಮಾರ್ಚಿನಲ್ಲಿ ಜೂಡಿ ತನ್ನ ಕೆಲಸವನ್ನು ತರಗತಿಗೆ ತೋರಿಸಿದಳು. ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ, ಮದುವೆಗೆ ಎರಡು ಗೆರೆ. ಇಡೀ ಕರಿಹಲಗೆಯ ತುಂಬ ನನ್ನ ವಂಶ. ಅಪ್ಪನ ಅಣ್ಣನ ಮಕ್ಕಳು, ಅಮ್ಮನ ಅಕ್ಕನ ಮಕ್ಕಳು ಒಂದು ಕಡೆ: ಅವರೆಲ್ಲ ಅಣ್ಣ, ಅಕ್ಕ, ತಮ್ಮ, ತಂಗಿ. ಅತ್ತೆಯ ಮಕ್ಕಳು, ಮಾವನ ಮಕ್ಕಳು ಇನ್ನೊಂದು ಕಡೆ.

"ನನಗೆ ಬಿಡಿಸಲಾರದ ಗಂಟು ಇದು," ಎಂದಳು ಜೂಡಿ. "ತಾಯಿಯ ತಮ್ಮನನ್ನೂ ಗಂಡನ ತಂದೆಯನ್ನೂ ಒಂದೇ ಹೆಸರಿಂದ ಕರೀತಾರೆ. ತಂದೆಯ ತಂಗಿಯನ್ನೂ ಗಂಡನ ತಾಯಿಯನ್ನೂ ಒಂದೇ ಹೆಸರಿಂದ. ಈ ಕಡೆ ಮನೆಗೂ ಮಾಕಳಿಯ ಮನೆಗೂ ರಕ್ತಸಂಬಂಧವೇ ಇಲ್ಲ. ಬಹುಶಃ ಇದು ಬರೀ ಮರ್ಯಾದೆಗೆ ಕರೆಯೋದು ಅಂತ ಬರೆದಿದ್ದೀನಿ."

ನಾನು ಹಲಗೆ ನೋಡುತ್ತಿದ್ದೆ. ಒಂದು ಕಡೆ ಅಣ್ಣ ತಮ್ಮಂದಿರಾಗಿ ಉಳಿಯುವವರು, ಇನ್ನೊಂದು ಕಡೆ ಮದುವೆಯಾಗಬಹುದಾದವರು. ನಡುವೆ ಗೆರೆ ಎಳೆದವರು ಯಾರೂ ಅಲ್ಲ, ನಾವು ದಿನಾ ಕೂಗುವ ಹೆಸರುಗಳೇ. ಮಾತು ಕಲಿಯುವ ಮಗುವಿಗೆ ಇವನು 'ಮಾವ' ಎಂದು ಹೇಳಿಕೊಡುವಾಗಲೇ ಅರ್ಧ ಲಗ್ನಪತ್ರಿಕೆ ಬರೆದಾಗಿರುತ್ತದೆ. ಹಲಗೆಯ ಬಲಗಡೆಯ ಮಾಕಳಿಯನ್ನು ಅಳಿಸಿ, ನನ್ನ ವೃತ್ತದಿಂದ ಅಮ್ಮನ ತಮ್ಮನ ತ್ರಿಕೋನಕ್ಕೆ ಎರಡು ಗೆರೆ ಎಳೆದರೆ ಸಾಕು, ಮದುವೆ ನೆಂಟರೊಳಗೇ ಎಂದು ಕಂಡು ಆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ: ಮಾವನ ಮಗನನ್ನು ಮದುವೆಯಾದವಳಿಗೆ ಮಾವನೇ ಗಂಡನ ತಂದೆ. ನಮ್ಮ ಹಟ್ಟಿಯ ಅವಿದ್ಯಾವಂತ ಮುದುಕಿಯರು ಯಾವ ಕಾಲದಿಂದಲೋ ತಲೆಯಲ್ಲಿಟ್ಟುಕೊಂಡು ಬಂದ ಈ ಲೆಕ್ಕ ಎಷ್ಟು ದೊಡ್ಡದೆಂದು ಮೈ ಜುಮ್ಮೆಂದಿತು. ಅದರ ಹಿಂದೆಯೇ ಜೂಡಿಯ ಕಡೆ ನೋಡಿದೆ. ಈ ಹುಡುಗಿ ನಾಲ್ಕು ತಿಂಗಳು ಬೆವರು ಸುರಿಸಿ ಕಟ್ಟಿದ ಮನೆಗೆ ನಾನು ಮರಳಿನ ತಳಪಾಯ ಹಾಕಿಕೊಟ್ಟಿದ್ದೆ.

ಅವತ್ತೂ ಸುಮ್ಮನಿದ್ದೆ. ಆದರೆ ಎರಡು ದಿನ ಬಿಟ್ಟು ಡೊರೊತಿಯಿಂದ ಒಂದು ಪಾರ್ಸೆಲ್ ಬಂತು. ಒಳಗೆ ಕೈಯಲ್ಲಿ ಹೆಣೆದ ದಪ್ಪ ನೀಲಿ ಉಣ್ಣೆಯ ಶಾಲು, ಜೊತೆಗೆ ಒಂದು ಚೀಟಿ: "ನಂಜಮ್ಮನವರ ಕೀಲುನೋವಿಗೆ. ನವೆಂಬರಿನಿಂದ ಹೆಣೀತಿದ್ದೆ."

ಶಾಲು ಹಿಡಿದುಕೊಂಡೇ ಹಾಸ್ಟೆಲಿನ ಅಡುಗೆಮನೆಗೆ ಹೋದೆ. ಜೂಡಿ ರಬ್ಬರಿನ ಕೈಗವಸು ತೊಟ್ಟು, ತಟ್ಟೆ ತೊಳೆಯುವ ಯಂತ್ರದ ಹಬೆಯೊಳಗೆ ನಿಂತಿದ್ದಳು.

"ಜೂಡಿ, ಮಾಕಳಿಯಲ್ಲಿ ನನಗೆ ಅತ್ತೆ ಇಲ್ಲ."

"ಅಯ್ಯೋ ದೇವರೇ! ಯಾವಾಗ ತೀರಿಕೊಂಡರು?" ಎನ್ನುತ್ತ ಅವಳು ಒದ್ದೆ ಕೈಗವಸಿನಲ್ಲೇ ನನ್ನನ್ನು ತಬ್ಬಿಕೊಂಡಳು.

"ತೀರಿಕೊಳ್ಳಲಿಲ್ಲ. ಹುಟ್ಟೇ ಇಲ್ಲ."

ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಯಂತ್ರ ನಿಲ್ಲಿಸಿದಳು. ಕೈಗವಸು ಒಂದೊಂದಾಗಿ ಕಳಚಿ ಕಟ್ಟೆಯ ಮೇಲಿಟ್ಟಳು. ಮುಖ ಕೆಂಪಾಗಿತ್ತು.

"ನಾಲ್ಕು ತಿಂಗಳು," ಎಂದಳು. "ಯಾಕೆ?"

"ನೀವೆಲ್ಲ ನಗ್ತೀರಿ ಅಂತ."

ಅವಳು ಕಟ್ಟೆಯ ಮೇಲಿದ್ದ ಒದ್ದೆ ತಟ್ಟೆಯೊಂದನ್ನು ಒರೆಸಿಟ್ಟಳು. "ನಗ್ತಿದ್ವೇನೋ," ಎಂದಳು ಕೊನೆಗೆ. ಇಲ್ಲ ಎಂದು ಸಮಾಧಾನ ಹೇಳಬಹುದಿತ್ತು, ಹೇಳಲಿಲ್ಲ. ಆ ಮಾತಿಗೆ ನಾನು ಅವಳಿಗೆ ಇವತ್ತಿಗೂ ಋಣಿ. ಆಮೇಲೆ ಏಪ್ರನ್ನಿನ ಜೇಬಿನಿಂದ ಪೆನ್ಸಿಲ್ ತೆಗೆದಳು. "ಇನ್ನು ಹನ್ನೊಂದು ದಿನ ಇದೆ. ಮೊದಲಿಂದ ಹೇಳಿ."

ಪೇಪರ್ ಕರವಸ್ತ್ರವೊಂದರ ಮೇಲೆ ನಾವಿಬ್ಬರೂ ಅಲ್ಲೇ ವಂಶ ಬಿಡಿಸಿದೆವು. ನನ್ನಿಂದ ಮಾವನಿಗೆ ಎರಡು ಗೆರೆ ಎಳೆದು ಜೂಡಿ ತಡೆದಳು. ಪೆನ್ಸಿಲ್ ತುದಿಯಿಂದ ಒಂದೊಂದೇ ಹೆಸರು ಮುಟ್ಟುತ್ತ ಬಂದಳು. ಬಂದವಳು ಗಂಟು ಬಿಚ್ಚಿದ ಸಂತೋಷಕ್ಕೆ ಇದ್ದಕ್ಕಿದ್ದಂತೆ ಕಿರುಚಿದಳು. ಒಳಗಿನಿಂದ ಅಡುಗೆಯವರು ಯಾರಿಗೋ ಕೈ ಸುಟ್ಟಿತೆಂದು ಓಡಿ ಬಂದರು.

"ಶಾಲು ಏನು ಮಾಡ್ಲಿ?" ಎಂದೆ.

"ನಿಮ್ಮ ಅತ್ತೆಗೆ ಅಂತ ತಾನೆ ಅಮ್ಮ ಹೆಣೆದಿದ್ದು? ಅತ್ತೆಗೇ ಕೊಡಿ. ಅಜ್ಜಿಗೆ."

ಮೇಷ್ಟ್ರ ಹತ್ತಿರವೂ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. ಶುರುವಿನಿಂದಲೂ ಅನುಮಾನವಿತ್ತಂತೆ. ಜೂಡಿ ಎಲ್ಲರ ಮುಂದೆ ಎಡವುವುದಕ್ಕೆ ಬಿಡುತ್ತಿರಲಿಲ್ಲವಂತೆ, ಆದರೆ ಕೊನೆಯ ವಾರದವರೆಗೂ ನನಗಾಗಿ ಕಾಯುವುದೆಂದು ಇದ್ದರಂತೆ.

"ಮೊದಲೇ ಯಾಕೆ ಹೇಳಲಿಲ್ಲ ಸಾರ್?"

"ನಿಮ್ಮ ಮನೆಯ ವಿಷಯ ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಅಂತ ಹೇಳೋಕೆ ನಾನ್ಯಾರು?" ಎಂದರು.

ಅಷ್ಟು ಓದಿದ ಮನುಷ್ಯ, ಅಷ್ಟು ದಿನ ಬಾಯಿ ಮುಚ್ಚಿಕೊಂಡು ಇದ್ದರಲ್ಲ ಎಂದು ನನಗೆ ಹಿಮ ಕಂಡಾಗಲೂ ಆಗದಷ್ಟು ಆಶ್ಚರ್ಯವಾಯಿತು.

ಏಪ್ರಿಲ್, ಎರಡನೆಯ ಮಹಡಿಯ ಸಭಾಂಗಣ

ಜೂಡಿ ನೀಲಿ ಉಡುಪು ಹಾಕಿಕೊಂಡು ಬಂದಿದ್ದಳು. ಮುಂದಿನ ಸಾಲಿನಲ್ಲಿ ವಿಭಾಗದ ಹಿರಿಯರೆಲ್ಲ. ತಮಾಷೆ ಹೇಳಿದ ಆ ಹುಡುಗನೂ ಇದ್ದ. ಅವಳು ನಲವತ್ತು ನಿಮಿಷ ಮಾತಾಡಿದಳು. ನನ್ನ ಮನೆ ಬೆಳಕಿನ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ನನ್ನಿಂದ ಮಾವನಿಗೆ ಎಳೆದ ಎರಡು ಗೆರೆ ಬಂದಾಗ ನಾನು ತಲೆ ತಗ್ಗಿಸಿದೆ. ಯಾರೂ ನಗಲಿಲ್ಲ. ಬದಲಿಗೆ ಮುಂದಿನ ಸಾಲಿನಿಂದ "ಆಹಾ" ಎಂಬ ಉಸಿರು ಕೇಳಿತು. ಸಂಗೀತದಲ್ಲಿ ಒಳ್ಳೆಯ ಜಾಗ ಬಂದಾಗ ನಮ್ಮವರು ಹಾಗೆ ಅನ್ನುತ್ತಾರೆ. ನಾನು ತಲೆ ಎತ್ತಿದೆ.

ಪ್ರಶ್ನೆಗಳ ಹೊತ್ತು ಬಂತು. ಹಿರಿಯರು ಏನೇನೋ ಕೇಳಿದರು, ಜೂಡಿ ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಚಿಕ್ಕ ವಯಸ್ಸಿನ ಒಬ್ಬ ಹುಡುಗಿ ಎದ್ದು ನಿಂತಳು.

"ಆ ಹೆಂಗಸನ್ನು ಯಾರಾದರೂ ಕೇಳಿದ್ರಾ? ಈ ಮದುವೆ ಬೇಕಾ ಅಂತ?"

ಜೂಡಿ ನನ್ನ ಕಡೆ ನೋಡಿದಳು. ಅವಳ ಚೀಟಿಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಗುವಿಗೆ ನಾನು ಸಿದ್ಧಳಾಗಿದ್ದೆ, ಈ ಪ್ರಶ್ನೆಗಲ್ಲ. ಎದ್ದು ನಿಂತೆ.

"ಇಲ್ಲ," ಎಂದೆ. "ಕೇಳಲಿಲ್ಲ."

ಅಷ್ಟಕ್ಕೇ ಕುಳಿತುಕೊಳ್ಳಬಹುದಿತ್ತು. ಆದರೆ ಆ ದಿನ ಕಣ್ಣ ಮುಂದೆ ಬಂತು. ಜಗುಲಿಯ ಮೇಲೆ ಅಮ್ಮ, ಅಜ್ಜಿ ಕುಳಿತು ಮಾತು ಮುಗಿಸಿದ್ದರು. ನಾನು ಮಜ್ಜಿಗೆ ಹಿಡಿದು ಬಂದೆ. ಅದೇ ಹೊತ್ತಿಗೆ ಮಾವ ಕಾರ್ಖಾನೆಯಿಂದ ಬಂದು ತೊಟ್ಟಿಯ ಹತ್ತಿರ ಕೈಯ ಗ್ರೀಸು ಉಜ್ಜುತ್ತಿದ್ದರು. ಅಜ್ಜಿ ಅಲ್ಲಿಂದಲೇ ಕೂಗಿ ಹೇಳಿದಳು, ಬರೋ ತಿಂಗಳು ಲಗ್ನ ಅಂತ. ಇಬ್ಬರಿಗೂ ಒಂದೇ ಕೂಗಿನಲ್ಲಿ ಸುದ್ದಿ ತಿಳಿಯಿತು. ಮಾವ ನನ್ನ ಮುಖವನ್ನೊಮ್ಮೆ ನೋಡಿದರು. ಮಜ್ಜಿಗೆ ಮುಟ್ಟದೆ ಸೈಕಲ್ ತೆಗೆದುಕೊಂಡು ಹೊರಗೆ ಹೋದರು. ಎಲ್ಲಿಗೆ ಹೋಗಿದ್ದಿರಿ ಎಂದು ಏಳು ವರ್ಷದಲ್ಲಿ ನಾನೂ ಕೇಳಿರಲಿಲ್ಲ.

"ನನ್ನ ಗಂಡನನ್ನೂ ಯಾರೂ ಕೇಳಲಿಲ್ಲ," ಎಂದೆ.

ಹುಡುಗಿ ಮೆಲ್ಲಗೆ ಕುಳಿತುಕೊಂಡಳು. ಜೂಡಿಗೆ ಆ ಸಂಜೆಯೇ ಶುಭವಾರ್ತೆ ಸಿಕ್ಕಿತು, ವಿಭಾಗ ಅವಳನ್ನು ಉಳಿಸಿಕೊಂಡಿತ್ತು. ಎಲ್ಲರೂ ಅವಳಿಗೆ ಕೇಕು ತಿನ್ನಿಸುವಾಗ ನಾನು ಏಳನೆಯ ಅಂತಸ್ತಿಗೆ ಹೋಗಿ, ಕನ್ನಡದ ಕಪಾಟಿನ ಕೆಳಗೆ ನೆಲದ ಮೇಲೆ ಕುಳಿತು ಮಾವನಿಗೆ ಕಾಗದ ಬರೆದೆ. ಅವರನ್ನು ಈ ದೇಶದಲ್ಲಿ ಇಲ್ಲವೆನ್ನಿಸಿಬಿಟ್ಟಿದ್ದನ್ನು ಬರೆದೆ, ನಂಜಮ್ಮನ ಹುರುಳಿ ಸಾರನ್ನೂ ಬಿಡದೆ ಬರೆದೆ. ನಾಚಿಕೆಪಟ್ಟಿದ್ದಕ್ಕೆ ನಾಚಿಕೆಯಾಗುತ್ತಿದೆ ಎಂದು ಬರೆದೆ. ಕೊನೆಗೆ ಉಳಿದ ಒಂದು ಅಂಗುಲ ಜಾಗದಲ್ಲಿ ಕೇಳಿದೆ: "ಅವತ್ತು ನಿಮ್ಮನ್ನು ಯಾರಾದರೂ ಕೇಳಿದ್ದರೆ ಏನನ್ನುತ್ತಿದ್ದಿರಿ ಮಾವ?"

ನೀಲಿ ಕಾಗದ

ವಿಮಾನದಂಚೆಯ ನೀಲಿ ಕಾಗದದಲ್ಲಿ ಉತ್ತರ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಹಿಮ ಕರಗಿ, ಮರಗಳೆಲ್ಲ ಒಂದೇ ವಾರದಲ್ಲಿ ಚಿಗುರಿ, ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಬಿದ್ದುಕೊಂಡು ಪರೀಕ್ಷೆಗೆ ಓದುತ್ತಿದ್ದರು. ನಾನು ಹೊರಡಲು ಎಂಟು ದಿನ ಉಳಿದಿತ್ತು. ಮಾವ ಕಾಗದದಲ್ಲೂ ಮಾತಾಡಿದ ಹಾಗೇ ಬರೆಯುತ್ತಾರೆ. ಎಂ.ಎ. ಓದುವಾಗ ನಾನು ಅದನ್ನು ಕೆಂಪು ಮಸಿಯಲ್ಲಿ ತಿದ್ದಿ ತೋರಿಸಿದ್ದೂ ಉಂಟು. ಈಗ ಒಂದು ಅಕ್ಷರವನ್ನೂ ತಿದ್ದದೆ ಇಲ್ಲಿ ಇಳಿಸುತ್ತಿದ್ದೇನೆ.

"ಸರೋಜಿ, ಇಲ್ಲಿ ಎಲ್ಲ ಕ್ಷೇಮ. ನಿನ್ ಕಾಗ್ದ ಅವ್ವಂಗೆ ಓದಿ ಹೇಳ್ದೆ. ಬಿದ್ದು ಬಿದ್ದು ನಗಾಡಿದ್ಲು. ಆಮ್ಯಾಕೆ ಕೇಳಿದ್ಲು, ಆ ಮಾಕಳಿಯೋಳು ಸೊಸೇನ ಅಮೆರಿಕಕ್ಕೆ ಕಳಿಸ್ತಿದ್ಲಾ ಅಂತ. ನಾಚ್ಕೆ ಪಟ್ಕಂಡೆ ಅಂತ ಬರ್ದಿದೀಯ, ಓಗ್ಲಿ ಬಿಡು, ಊರು ಬಿಟ್ಟು ಓದೋರಿಗೆ ಅದೆಲ್ಲ ಆಯ್ತದೆ. ನೀನು ಕೇಳಿದ್ದಕ್ಕೆ ಹೇಳ್ತೀನಿ. ಅವತ್ತು ನನ್ನ ಯಾರಾನ ಕೇಳಿದ್ರೆ, ಮೊದ್ಲು ಅವಳನ್ನ ಕೇಳ್ರಿ ಅಂತಿದ್ದೆ. ಯಾರೂ ಕೇಳ್ಲಿಲ್ಲ, ನಂಗೂ ಬಾಯಿ ಬರ್ಲಿಲ್ಲ. ಸ್ಟೇಷನ್ ತಂಕ ಓಗಿ, ಎರಡು ರೈಲು ಓಗೋದು ನೋಡ್ಕಂಡು ಬಂದೆ. ಈಗ ನೀನು ಬಾ. ನಾನೇ ಕೇಳ್ತೀನಿ. ಬರೋವಾಗ ಜವಾಬು ತಗಂಡ್ ಬಾ. ಬ್ಯಾರೆ ಏನೂ ತರ್ಬ್ಯಾಡ."